ಮಾತಿಗೊಂದು ಹುಣಸೆಬೀಜ

ಮದುವೆಯಾಗಿ ಗಾಜುವಾಕಕ್ಕೆ ಬಂದು ಎರಡು ವರ್ಷವಾದರೂ ಸುಲೋಚನಾಗೆ ತೆಲುಗು ಅರ್ಥವಾಗುತ್ತಿತ್ತೇ ಹೊರತು ನಾಲಿಗೆಗೆ ಹತ್ತಿರಲಿಲ್ಲ. ತಿಪಟೂರಿನ ಕಡೆಯ ತನ್ನ ಹಳ್ಳಿಯಲ್ಲಿ ಅವಳು ಮಾತಿಗೆ ನಿಂತರೆ ಕೊಡ ತುಂಬಿ ಹರಿದದ್ದೂ ತಿಳಿಯುತ್ತಿರಲಿಲ್ಲ. ಇಲ್ಲಿ ತರಕಾರಿಯನ್ನೂ ಬೆರಳು ತೋರಿಸಿ ಕೊಳ್ಳುತ್ತಿದ್ದಳು.

ಗಂಡ ಅಶ್ವತ್ಥ ಬ್ಯಾಂಕಿನಲ್ಲಿ ಗುಮಾಸ್ತ. ಬಂದರಿನ ಬಳಿಯ ಹಳೇ ಪುಸ್ತಕದಂಗಡಿಯಲ್ಲಿ ಅವನಿಗೆ ಆಟದ ಪುಸ್ತಕವೊಂದು ಸಿಕ್ಕಿತ್ತು. ಒಬ್ಬ ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತ ಹೋಗಬೇಕು. ಗೆಲುವು ಸೋಲು ದಾಳದ ಕೈಯಲ್ಲಿ. ೧೯೯೩ರ ಬೇಸಿಗೆಯಿಂದ ಭಾನುವಾರ ಮಧ್ಯಾಹ್ನ ಅವರ ಬಾಡಿಗೆಮನೆಯ ಚಾಪೆಯ ಮೇಲೆ ಆ ಆಟ ನಡೆಯುತ್ತಿತ್ತು, ತೆಲುಗಿನಲ್ಲಿ. ಕಥೆ ನಡೆಸುವವನು ಅಶ್ವತ್ಥ. ಆಟದಲ್ಲಿ ಪಕ್ಕದ ಮನೆಯ ಟೀಚರ್ ಹೈಮಾವತಿ ವೈದ್ಯೆ. ಉಕ್ಕಿನ ಕಾರ್ಖಾನೆಯ ದುರ್ಗಾಪ್ರಸಾದ್ ಕತ್ತಿವೀರ. ಸುಲೋಚನಾ ದೋಣಿಯವಳು.

ಹೆಂಡತಿ ಬಾಯಿ ಬಿಡಲಿ ಎಂದೇ ಅಶ್ವತ್ಥ ಒಂದು ನಿಯಮ ಮಾಡಿದ. ಕಥೆಯಲ್ಲಿ ಎದುರಾದವರೊಡನೆ ಮಾತಾಡಿದರೆ ಒಂದು ಹುಣಸೆಬೀಜ; ಹತ್ತು ಬೀಜ ಕೂಡಿದರೆ ಪಾತ್ರಕ್ಕೆ ಹೊಸ ಶಕ್ತಿ. ಮೊದಲ ವಾರ ಸುಲೋಚನಾ ಮೂರು ಬೀಜ ಗೆದ್ದಳು. ಸಂಜೆ ಪಾತ್ರೆ ತೊಳೆಯುತ್ತ ಆ ಮೂರು ವಾಕ್ಯಗಳನ್ನೇ ಮತ್ತೆ ಮತ್ತೆ ಹೇಳಿಕೊಂಡಳು.

ಎರಡನೆಯ ವಾರ ದುರ್ಗಾಪ್ರಸಾದ್ ಒಳದಾರಿ ಕಂಡುಕೊಂಡ. ಕಥೆಯ ಸಂತೆಗೆ ಹೊಕ್ಕವನೇ ಕುಂಬಾರನಿಗೆ ನಮಸ್ಕಾರ, ಕುಂಬಾರನ ಅತ್ತೆಗೆ ನಮಸ್ಕಾರ, ಕತ್ತೆಗೂ ನಮಸ್ಕಾರ.

“ಕತ್ತೆ ಮಾತಾಡಲ್ಲವಲ್ಲ,” ಎಂದ ಅಶ್ವತ್ಥ.

“ನಾನು ಮಾತಾಡಿದೆನಲ್ಲ ಗುರುವುಗಾರು. ಬೀಜ ಇಡಿ.”

ತೂತು ಕಂಡಲ್ಲಿ ಸುತ್ತೋಲೆ ಹೊರಡಿಸುವುದೊಂದೇ ಅಶ್ವತ್ಥನಿಗೆ ಗೊತ್ತಿದ್ದ ಮದ್ದು. ಪ್ರಾಣಿಗಳಿಗೆ ಬೀಜವಿಲ್ಲ ಎಂದು ಬರೆದ. ಬರೀ ನಮಸ್ಕಾರಕ್ಕೆ ಬೀಜವಿಲ್ಲ ಎಂದ; ದುರ್ಗಾಪ್ರಸಾದ್ ಕಂಡಕಂಡವರ ಯೋಗಕ್ಷೇಮ ಕೇಳತೊಡಗಿದ. ಒಬ್ಬರಿಗೆ ಒಂದೇ ಸಲ ಎಂದರೆ ಊರೂರು ತಿರುಗಿದ. ತಿಂಗಳಲ್ಲಿ ನಿಯಮಗಳು ಹದಿನೇಳಾದವು. ಸುಲೋಚನಾ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಅವನು ಒಂದು ಬೀದಿ ಮುಗಿಸಿರುತ್ತಿದ್ದ. ಕೊನೆಗೊಮ್ಮೆ ಅವಳು ಬಾಯಿ ತೆರೆದರೆ ಗಂಡನೇ ಅಡ್ಡ ಬಂದ: “ಇದು ಒಂಬತ್ತನೇ ನಿಯಮಕ್ಕೆ ಬರುತ್ತೆ. ಬೀಜ ಇಲ್ಲ.”

ಮುಂದಿನ ಭಾನುವಾರ ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎಲ್ಲರೂ ಹೋದ ಮೇಲೆ ಅಶ್ವತ್ಥ ಬಾಗಿಲಲ್ಲಿ ಬಂದು ನಿಂತ.

“ನಿಂಗೋಸ್ಕರ ಶುರು ಮಾಡಿದ್ದು ಕಣೇ. ನೀನೇ ಬರದಿದ್ರೆ ಹೆಂಗೆ?”

“ನಿಮ್ಮ ಕಾಯ್ದೆ ಅವ್ರಿಗೆ ಆಟ, ನನ್ ಬಾಯಿಗೆ ಬೀಗ,” ಎಂದಳು ಅಕ್ಕಿ ಆರಿಸುತ್ತ. “ಇನ್ನೂ ಹದಿನೇಳು ಬರೀರಿ. ಅವ್ರು ಇನ್ನೊಂದು ಸಂದಿ ಹುಡುಕ್ತಾರೆ.”

“ಮತ್ತೇನ್ ಮಾಡ್ಲಿ, ಹೇಳು.”

“ನಮ್ಮೂರಲ್ಲಿ ಸೋಬಾನೆ ಹಾಡಿದೋಳು ತಾನೇ ತಟ್ಟೆಗೆ ಕೈ ಹಾಕಿ ಎಲೆಅಡಿಕೆ ತಗೊಳ್ಳಲ್ಲ. ಕೇಳಿದೋರು ಕೊಡ್ತಾರೆ.”

ಅಶ್ವತ್ಥ ನಿಯಮದ ಹಾಳೆ ತಂದು ಅವಳ ಮುಂದೆಯೇ ಒಲೆಗೆ ಹಾಕಿದ.

ಮರುವಾರ ಒಬ್ಬೊಬ್ಬರಿಗೆ ಒಂದೇ ಬೀಜ ಕೊಟ್ಟ. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ. ಆಟದ ಕೊನೆಗೆ ಯಾರ ನಡೆ ಮನಸ್ಸಿಗೆ ಹಿಡಿಸಿತೋ ಅವರಿಗೆ, ಯಾಕೆಂದು ಹೇಳಿ ಕೊಡಬೇಕು.

“ಹೈಮಗಾರು, ನೀವು ನನಗೆ, ನಾನು ನಿಮಗೆ. ಆಯ್ತಾ?” ಎಂದ ದುರ್ಗಾಪ್ರಸಾದ್.

“ಏನಂತ ಹೇಳಿ ಕೊಡಲಿ? ಕತ್ತೆಯ ಕ್ಷೇಮ ವಿಚಾರಿಸಿದಿರಿ ಅಂತಲೇ?”

ಅವತ್ತು ಅವನಿಗೆ ಒಂದು ಬೀಜವೂ ಬರಲಿಲ್ಲ; ಹೈಮಾವತಿ ತನ್ನದನ್ನು ಅಶ್ವತ್ಥನಿಗೇ ಹಿಂದಿರುಗಿಸಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ ಸುಲೋಚನಾ ಅದರ ಮುಂದಿನ ವಾರ ಚಾಪೆಗೆ ಬಂದಳು.

ಕಥೆಯಲ್ಲಿ ಹೊಳೆ ಉಕ್ಕಿತ್ತು. ಮುದುಕಿಯೊಬ್ಬಳು ಮನೆ ಬಿಟ್ಟು ದೋಣಿ ಹತ್ತಲೊಲ್ಲಳು. ದುರ್ಗಾಪ್ರಸಾದನ ಕತ್ತಿವೀರ ಜಗುಲಿಯಲ್ಲಿ ಅವಳ ಪಕ್ಕ ಕೂತ. ಅವಳ ಗಂಡ ಆ ಮನೆಯ ಗೋಡೆ ಕಟ್ಟಿದ ಕಥೆಯನ್ನು ಕೇಳಿಸಿಕೊಂಡ. ಅವಳು ಎದ್ದ ಮೇಲೆಯೇ ಕೈಹಿಡಿದು ದೋಣಿಗೆ ಕರೆತಂದ.

ಕೊನೆಗೆ ಸುಲೋಚನಾ ತನ್ನ ಬೀಜವನ್ನು ಅವನ ಮುಂದೆ ಇಟ್ಟಳು. ಯಾಕೆಂದು ಹೇಳಬೇಕಿತ್ತು, ತೆಲುಗಿನಲ್ಲಿ.

“ಆ ಅಜ್ಜಿ... ಹೆದರಿದ್ದಳು,” ಎಂದು ಪದ ಹುಡುಕುತ್ತ ಹೇಳಿದಳು. “ನೀವು ಆತುರ ಮಾಡಲಿಲ್ಲ. ಅವಳ ಮಾತು ಮುಗಿಯೋ ತನಕ ಕೂತಿರಿ.”

ಎರಡು ಪದ ತಪ್ಪಿದ್ದವು. ಟೀಚರ್ ಹೈಮಾವತಿಯೂ ತಿದ್ದಲಿಲ್ಲ. ಅಶ್ವತ್ಥ ಕೈಯಲ್ಲಿದ್ದ ದಾಳವನ್ನು ಸದ್ದಾಗದಂತೆ ಕೆಳಗಿಟ್ಟ. ಅವಳನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ದುರ್ಗಾಪ್ರಸಾದ್ ಬೀಜಕ್ಕೆ ಕೈ ಚಾಚಲಿಲ್ಲ.

“ಇನ್ನೂ ಇದ್ದರೆ ಹೇಳಿ ವದಿನಾ, ಕೇಳ್ತೀವಿ,” ಎಂದ.

ಇತ್ತು. ಅವಳು ಹೇಳಿದಳು.