ಅವ್ವ ಉಪ್ಪು ನೋಡಿದ ದಿನ

ಅವ್ವ ತನಗೂ ಒಂದು ತಟ್ಟೆ ಇಟ್ಟುಕೊಂಡು, ಮುದ್ದೆಯ ಪಕ್ಕಕ್ಕೆ ಬಾಡಿನ ಸಾರು ಹಾಕಿಕೊಂಡಾಗ ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮನೆಮಂದಿಗೆಲ್ಲ ಮಾಂಸ ಬೇಯಿಸಿ ಬಡಿಸುತ್ತಿದ್ದ ಅವಳು ಅದನ್ನು ತಿಂದದ್ದನ್ನು ನನಗೆ ಬುದ್ಧಿ ಬಂದಾಗಿನಿಂದ ನೋಡಿರಲಿಲ್ಲ.

ಎಂಬತ್ತರ ದಶಕದ ಆರಂಭ. ಚೊಚ್ಚಲ ಹೆರಿಗೆಗೆಂದು ಹೊನ್ನಾಳಿಯಿಂದ ಬಿಳಿಚೋಡಿನ ತವರಿಗೆ ಬಂದಿದ್ದೆ. ಐದು ವರ್ಷದವಳಿದ್ದಾಗ ವಿಷಮಶೀತ ಜ್ವರದಿಂದ ಬದುಕಿ ಎದ್ದ ಮೇಲೆ ಬಾಡಿನ ವಾಸನೆಯೇ ನನಗೆ ಆಗುತ್ತಿರಲಿಲ್ಲ. ಆ ಮಧ್ಯಾಹ್ನ ಮಾತ್ರ ಒಲೆಯ ಮೇಲಿನ ಘಮಕ್ಕೆ ಬಾಯಲ್ಲಿ ನೀರೂರಿ, ನಾನೇ ಕೇಳಿ ಎರಡನೇ ಸಲವೂ ಹಾಕಿಸಿಕೊಂಡಿದ್ದೆ.

"ನೀನು ಬಾಡು ತಿನ್ನಲ್ಲ ಅಲ್ವೇನವ್ವ?" ಎಂದೆ.

"ನಿನಗೆ ಜ್ವರ ಬಂದಾಗ ಮಾರವ್ವಗೆ ಹರಕೆ ಹೊತ್ತಿದ್ದೆ. ಮಗಳು ಬದುಕಿ, ಮೊದಲಿನಂಗೆ ಬಾಡು ಕೇಳಿ ಉಣ್ಣೋತನಕ ನಾನೂ ಮುಟ್ಟಲ್ಲ ಅಂತ. ನೀನು ಬದುಕಿದಿ. ಕೇಳಲೇ ಇಲ್ಲ."

"ಹೇಳಿದ್ರೆ ಯಾವಾಗ್ಲೋ ಉಣ್ತಿದ್ದೆನಲ್ಲ."

"ನಾನು ಹೇಳಿ ಉಣಿಸಿದ್ರೆ ಹರಕೆ ಹೆಂಗೆ ತೀರ್ತೈತೆ?"

ಮೊದಲ ತುತ್ತು ನುಂಗಿ ಅವ್ವ ಬೆರಳು ನೆಕ್ಕಿದಳು. ಆಮೇಲೆ, "ಉಪ್ಪು ಕಮ್ಮಿ ಐತೆ. ಇಷ್ಟು ವರ್ಷ ಒಂದು ದಿನನಾದ್ರೂ ಹೇಳಲಿಲ್ಲ ನೋಡು ನಿಮ್ಮಪ್ಪ" ಎಂದಳು.

ಅವ್ವ ಈಗಿಲ್ಲ. ಹದಿನಾರು ವರ್ಷ ರುಚಿ ನೋಡದೆ, ಬರೀ ಅಂದಾಜಿನಲ್ಲಿ ಅವಳು ಹಾಕುತ್ತಿದ್ದಷ್ಟೇ ಉಪ್ಪನ್ನು ನಾನೂ ಬಾಡಿನ ಸಾರಿಗೆ ಹಾಕುತ್ತೇನೆ. ಕಮ್ಮಿ ಎಂದು ಗೊತ್ತಾದರೂ ಮತ್ತೆ ಹಾಕುವುದಿಲ್ಲ.