ನಾಕಾದ ಮುಂದೆ ನಿಂತ ಚೌಕಟ್ಟು

ಒಂದು ಕಡೆ ಕೂಡುವ ಜೀವವೇ ಅಲ್ಲ ಉಳವಪ್ಪನದು. ಊಟಕ್ಕೆ ಕೂತಾಗಲೂ ಅರ್ಧ ಎದ್ದೇ ಇರುತ್ತಿದ್ದ. ಅಂಥವನನ್ನು ಸರಕಾರ ವರ್ಷಗಟ್ಟಲೆ ಕಚೇರಿಯ ಬಾಕಿನ ಮೇಲೆ ಕೂಡಿಸಿತು.

ಮಲಪ್ರಭೆಗೆ ಆಣೆಕಟ್ಟು ಎದ್ದು, ಹಿನ್ನೀರು ಅವನ ಊರಂಚಿಗೆ ಬಂದಿತ್ತು. ಊರವರಿಗೆ ಉಗರಗೋಳದ ಕಡೆ ದಿಬ್ಬದ ಮೇಲೆ ಹೊಸ ಜಾಗ ಕೊಟ್ಟಿದ್ದರು. ಜಾಗ ಸಿಕ್ಕರೆ ಮನೆ ಸಿಕ್ಕಿತೇ? ಜಾಗಕ್ಕೆ ಹಕ್ಕುಪತ್ರ ಬೇಕು, ಕಟ್ಟಲು ಪಂಚಾಯ್ತಿಯ ಪರವಾನಗಿ ಬೇಕು, ಹಳೆ ಮನೆಯ ಸಾಗವಾನಿ ಕಟ್ಟಿಗೆ ಸಾಗಿಸಲು ಅರಣ್ಯ ಇಲಾಖೆಯ ಪಾಸು ಬೇಕು. ಅಜ್ಜ ನಿಲ್ಲಿಸಿದ ಕಂಬ, ತನ್ನ ತೊಟ್ಟಿಲು ತೂಗಿದ ತೊಲೆ. ಅದನ್ನು ತಾನೇ ಒಯ್ಯಲು ಪಾಸು! ಉಳವಪ್ಪನ ಮೈಯೆಲ್ಲ ಉರಿಯಿತು. ಸವದತ್ತಿಗೆ ಹೋದರೆ ಸಾಹೇಬರು ಬೈಲಹೊಂಗಲಕ್ಕೆ ಹೋಗಿರುತ್ತಿದ್ದರು, ಅಲ್ಲಿಗೆ ಓಡಿದರೆ ಆಗಲೇ ಸವದತ್ತಿಯ ಬಸ್ಸು ಹತ್ತಿರುತ್ತಿದ್ದರು.

ಕೊನೆಗೆ ಗಾರ್ಡೊಬ್ಬ ಬಂದು ಪ್ರತಿ ಕಟ್ಟಿಗೆಯ ಮೇಲೂ ಕೆಮ್ಮಣ್ಣಿನಿಂದ ನಂಬರು ಬರೆದ. ಪಾಸು ಬಂತು, ಶನಿವಾರ ಹೊತ್ತು ಮುಳುಗುವವರೆಗೆ ಮಾತ್ರ. ಮನೆ ಬಿಚ್ಚಿದರು. ಮಾಳಿಗೆ ಇಳಿಸಿದ ಗಳಿಗೆಯಿಂದ ಉಳವಪ್ಪನಿಗೆ ಒಳಗೊಳಗೇ ಹೆದರಿಕೆ. ಹಿಂದಿನ ಮನೆ ಇಲ್ಲ, ಮುಂದಿನದು ಆಗಿಲ್ಲ. ಕಟ್ಟಿಗೆ ತಪ್ಪಿದರೆ ಲೋಕದಲ್ಲಿ ತನ್ನದೆನ್ನುವ ಬಾಗಿಲೇ ಉಳಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಕಟ್ಟಿಗೆಯ ಬಂಡಿಗಳು ಅರಣ್ಯ ಇಲಾಖೆಯವರು ತಪಾಸಣೆ ಮಾಡುವ ನಾಕಾ ಮುಟ್ಟಿದವು. ಅಲ್ಲಿದ್ದ ಗಾರ್ಡು ಬೇರೆಯವನು. ಪಾಸು ಓದಿ, ಬಂಡಿ ಸುತ್ತಿ ಬಂದ.

"ನಂಬರ ಎಲ್ಲಿ ಅದಾವ ಯಜಮಾನ್ರ?"

ಉಳವಪ್ಪ ನೋಡಿದ. ಒಂದು ನಂಬರೂ ಇಲ್ಲ. ಹೆಂಡತಿಯ ಕಡೆ ತಿರುಗಿದ.

"ಹೊಸಾ ಜಾಗಾಕ್ಕ ಹೊಲಸ ಕಟ್ಟಿಗಿ ಒಯ್ಯೂದೇನ್ರಿ?" ಎಂದಳು ಗುರುಬಸವ್ವ. "ಮುಂಜಾನೆ ಅರಿಷಿಣದ ನೀರಿಲೆ ತೊಳದೆ. ಎಲ್ಲಾ."

ಉಳವಪ್ಪ ಹಲ್ಲು ಕಡಿದ.

"ಹಂಗಾದ್ರ ಇವು ನಿಮ್ಮ ಮನೀವು ಅಂತ ಹೆಂಗ ನಂಬೂದು? ನನಗ ಇದು ಬರೇ ಕಟ್ಟಿಗಿ," ಎಂದ ಗಾರ್ಡು. "ಇಳಸ್ರಿ, ಪಾಸಿನ್ಯಾಗಿನ ಅಳತಿಗೆ ಕೂಡಿದ್ರ ಬಿಡೂನು. ಇಲ್ಲಾಂದ್ರ ಜಪ್ತಿ."

ಇಳಿಸಿದರು. ಉಳವಪ್ಪ ನಾಕಾದಿಂದ ಬೇವಿನ ಗಿಡಕ್ಕೆ, ಗಿಡದಿಂದ ನಾಕಾಕ್ಕೆ ಅಡ್ಡಾಡಿದ, ಸೂರ್ಯನನ್ನು ನೋಡಿ ನೋಡಿ ಶಾಪ ಹಾಕಿದ.

"ಹೊಸ್ತಲಾ ಹಾದ್ಯಾಗ ಕೆಡವಬ್ಯಾಡ್ರಿ, ಮಂದಿ ತುಳದಾಡ್ತಾರ," ಎಂದಳು ಗುರುಬಸವ್ವ. ಸರಿ, ಅವನೂ ಬಂಡಿಯ ಮಡಿವಾಳೆಪ್ಪನೂ ತಲೆಬಾಗಿಲಿನ ಚೌಕಟ್ಟನ್ನು ಕೂಡಿಸಿ, ಅದರ ಒಂದು ಪಕ್ಕವನ್ನು ಬೇವಿನ ಗಿಡಕ್ಕೆ ಬಿಗಿದು ನಿಲ್ಲಿಸಿದರು. ಅವಳು ರೂಢಿಯಂತೆ ಹೊಸ್ತಿಲಿಗೆ ಕುಂಕುಮ ಇಟ್ಟಳು.

ಗಾರ್ಡು ಟೇಪು ಹಿಡಿದು ಚೌಕಟ್ಟಿನ ಹೊರಮೈ ಅಳೆದ. ಒಳಮೈ ಅಳೆಯಬೇಕಿತ್ತು. ಸುತ್ತು ಹಾಕಿಯೂ ಹೋಗಬಹುದಿತ್ತು, ಎರಡೂ ಕಡೆ ಅದೇ ರಸ್ತೆಯ ಧೂಳು. ಅವನು ಚಪ್ಪಲಿ ಬಿಟ್ಟ, ತಲೆ ಬಾಗಿಸಿದ, ಹೊಸ್ತಿಲು ತುಳಿಯದೆ ಬಲಗಾಲಿಟ್ಟು ದಾಟಿದ.

ಮತ್ತೆ ಅಡ್ಡಾಡತೊಡಗಿದ್ದ ಉಳವಪ್ಪ ನಿಂತುಬಿಟ್ಟ.

"ಸಾಹೇಬ್ರ, ಬರೇ ಕಟ್ಟಿಗಿ ದಾಟಾಕ ಚಪ್ಪಲಿ ಯಾಕ ಬಿಟ್ರಿ?"

ಗಾರ್ಡು ತನ್ನ ಬರಿಗಾಲು ನೋಡಿಕೊಂಡ. ಗುರುಬಸವ್ವ ಬೆಲ್ಲದ ಜೊತೆ ನೀರಿನ ತಂಬಿಗೆ ಹಿಡಿದು ಬಂದಳು. "ಒಳಗ ಬಂದೀರಿ, ಬಾಯಿ ಸೀ ಮಾಡ್ಕೊಂಡು ಹೋಗ್ರಿ," ಎಂದಳು. ಅವನು ಬೆಲ್ಲ ತಿಂದು, ನೀರು ಕುಡಿದು, ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು ಪಾಸಿನ ಮೇಲೆ ಸಹಿ ಮಾಡಿದ.

ಮಡಿವಾಳೆಪ್ಪ ಬಂಡಿ ಹೇರತೊಡಗಿದ. ಉಳವಪ್ಪ ಚೌಕಟ್ಟಿನ ಹತ್ತಿರ ಬಂದ, ತಾನೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಕೂತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಏಳ್ರಿ, ಹೊತ್ತು ಮುಳುಗತೈತಿ," ಎಂದು ಗುರುಬಸವ್ವ ಅವಸರ ಮಾಡಿದಳು.

"ತಡಿ," ಎಂದ ಉಳವಪ್ಪ. "ಈಗರ ಮನಿಗೆ ಬಂದೇನಿ."