ಮೊದಲ ಪೆಟ್ಟಿಗೆ ಉತ್ತರಕ್ಕೆ

ಸೆಪ್ಟೆಂಬರಿನ ಮೊದಲ ವಾರ. ಫಿನ್ಲೆಂಡಿಗೆ ಸೇರಿದರೂ ಸ್ವೀಡಿಷ್ ಮಾತಾಡುವ ಓಲಂಡ್ ದ್ವೀಪದ ಲುಂಪಾರ್ಲಂಡಿನಲ್ಲಿ, ಹಡಗುಕಟ್ಟೆಗೆ ಹೋಗುವ ರಸ್ತೆಯ ಪಕ್ಕದ ಕೆಂಪು ಕೊಟ್ಟಿಗೆಯೊಳಗೆ ದೀಪ ಹತ್ತಿದೆ. ಹೊರಗೆ ಇನ್ನೂ ನಸುಗತ್ತಲು. ಉದ್ದನೆಯ ಮೇಜಿನ ಮುಂದೆ ನಿಂತ ಗುನ್ನೆವಿ ಎಕ್‌ಲೋಫ್ ಜಾಲರಿ ತಟ್ಟೆಯಿಂದ ಒಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಳ್ಳುತ್ತಾರೆ. ಬುಡಕ್ಕೆ ಹೆಬ್ಬೆರಳು ಒತ್ತುತ್ತಾರೆ, ತಿರುಗಿಸಿ ನೋಡುತ್ತಾರೆ, ಕಾಗದದ ಚೀಲಕ್ಕೆ ಇಳಿಸುತ್ತಾರೆ. ಮತ್ತೊಂದು. ಗಟ್ಟಿಯಾಗಿದ್ದರೆ ಚೀಲಕ್ಕೆ, ಸ್ವಲ್ಪ ಮೆತ್ತಗಿದ್ದರೂ ಕಾಲ ಬಳಿಯ ಬಕೆಟ್ಟಿಗೆ. ನನ್ನೊಡನೆ ಮಾತಾಡುವಾಗಲೂ ಕೈ ನಿಲ್ಲುವುದಿಲ್ಲ.

ಅಡುಗೆಗೆ ಹೋಗುವ ಬೆಳ್ಳುಳ್ಳಿ ಇದಲ್ಲ. ಇದು ನೆಡುವ ಬೀಜ. ಇಲ್ಲಿಂದ ಫಿನ್ಲೆಂಡಿನ ಉದ್ದಕ್ಕೂ ಮನೆ ಹಿಂದೆ ನಾಲ್ಕು ಸಾಲು ಬೆಳೆದುಕೊಳ್ಳುವವರಿಗೆ ಅಂಚೆಯಲ್ಲಿ ಹೋಗುತ್ತದೆ. ಶರತ್ಕಾಲದಲ್ಲಿ ಬೆಳ್ಳುಳ್ಳಿ, ವಸಂತದಲ್ಲಿ ಈರುಳ್ಳಿಯ ಪುಟ್ಟ ನಾಟಿಗಡ್ಡೆ ಮತ್ತು ಸ್ಟ್ರಾಬೆರಿ ಸಸಿ. ಜೋರಾದ ದಿನಗಳಲ್ಲಿ ಇನ್ನೂರು ಪೆಟ್ಟಿಗೆ ಹೊರಡುತ್ತವೆ. ಯಾವ ಪೆಟ್ಟಿಗೆ ಯಾವ ದಿನ ಹೊರಡಬೇಕೆಂದು ತೀರ್ಮಾನಿಸುವವರು ಗುನ್ನೆವಿ. ಕಂಪನಿಯ ಪುಸ್ತಿಕೆಯಲ್ಲಿ ಆಕೆಯ ಹೆಸರಿಲ್ಲ, ಚಿತ್ರವೂ ಇಲ್ಲ.

ಆಕೆಯ ಕ್ರಮ ಸರಳ. ಉತ್ತರದವರಿಗೆ ಮೊದಲು. ಮೊದಲು ಯಾರು ದುಡ್ಡು ಕಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ಮೊದಲು ಯಾರ ನೆಲ ಹೆಪ್ಪುಗಟ್ಟುತ್ತದೆ ಎಂಬುದಷ್ಟೇ ಲೆಕ್ಕ. ಕೂಸಮೊ, ರೊವಾನಿಯೆಮಿಗಳ ಪೆಟ್ಟಿಗೆ ಈಗಲೇ ಹೋಗಬೇಕು. ದಕ್ಷಿಣದ ತುರ್ಕು ನಗರದವರು ಅಕ್ಟೋಬರ್‌ವರೆಗೆ ಕಾಯಬಹುದು, ಆದರೆ ಕಾಯುವುದಿಲ್ಲ. ಜೂನ್‌ನಲ್ಲೇ ಆರ್ಡರ್ ಕೊಟ್ಟವರು ಅವರೇ, ಸಿಟ್ಟಿನಿಂದ ಫೋನ್ ಮಾಡುವವರೂ ಅವರೇ. ಕಳೆದ ವಾರ ಒಬ್ಬರು, ತನ್ನ ಬೆಳ್ಳುಳ್ಳಿ ನಡೆದುಕೊಂಡು ಬರ್ತಿದೆಯಾ ಎಂದು ಕೇಳಿದರಂತೆ. "ಇಲ್ಲಪ್ಪ, ಇನ್ನೂ ಮಲಗಿದೆ. ಎದ್ದ ಮೇಲೆ ಕಳಿಸ್ತೀನಿ ಅಂದೆ" ಎನ್ನುತ್ತಾರೆ ಗುನ್ನೆವಿ, ನಗದೆ.

ಹುಟ್ಟಿದ್ದು ಹೊರಸಮುದ್ರದ ಕೋಕರ್ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ. ಹಡಗಿನ ಅಡುಗೆಮನೆಯಲ್ಲಿ ಕೆಲವು ವರ್ಷ ದುಡಿದರು. ತೋಳಿನ ನೋವು ಹೆಚ್ಚಾಗಿ ಆ ಕೆಲಸ ಬಿಟ್ಟಾಗ ಒಂದು ಋತುವಿಗೆಂದು ಈ ಕೊಟ್ಟಿಗೆಗೆ ಬಂದವರು ಇಲ್ಲೇ ಉಳಿದರು. ನೋವೂ ಉಳಿದಿದೆ. ಭಾರದ ತಟ್ಟೆಗಳನ್ನು ಎಡಗೈಯಲ್ಲೇ ಎಳೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ತುಂಡು ಭೂಮಿಯಲ್ಲಿ ತಾವೂ ಒಂದಿಷ್ಟು ಬೆಳೆದುಕೊಳ್ಳುತ್ತಾರೆ.

ಈರುಳ್ಳಿ ಮತ್ತು ಬೆಳ್ಳುಳ್ಳಿ ಒಂದೇ ಕುಲದವಾದರೂ ಚಳಿಯ ವಿಷಯದಲ್ಲಿ ಎದುರುಬದುರು. ನಾಟಿ ಈರುಳ್ಳಿಯನ್ನು ತಂಪು ನೆಲಮಾಳಿಗೆಯಲ್ಲಿಟ್ಟರೆ ಅದು ಚಳಿಗಾಲ ಕಳೆಯಿತೆಂದು ಭಾವಿಸುತ್ತದೆ. ನೆಟ್ಟೊಡನೆ ಹೂದಂಟು ಎಬ್ಬಿಸಿ ಗಡ್ಡೆ ಕಟ್ಟುವುದನ್ನೇ ಬಿಡುತ್ತದೆ. ಹಾಗಾಗಿ ವಸಂತದವರೆಗೆ ಅದನ್ನು ಬೆಚ್ಚಗಿಡಬೇಕು. ಬೆಳ್ಳುಳ್ಳಿಗೆ ಚಳಿ ತಾಗದಿದ್ದರೆ ಎಸಳು ಒಡೆಯದೆ ಒಂಟಿ ಉಂಡೆಯಾಗಿಯೇ ಉಳಿಯುತ್ತದೆ. ಅದು ಮಣ್ಣಿನೊಳಗೆ ಬೇರು ಬಿಟ್ಟು, ಹಿಮದಡಿ ಮಲಗಬೇಕು. ಗುನ್ನೆವಿಯ ವರ್ಷ ಈ ಎರಡು ಸ್ವಭಾವಗಳ ನಡುವೆ ಓಡುತ್ತದೆ.

ಈ ವರ್ಷ ಅದು ಓಡಿದ ಬಗೆ ಬೇರೆ.

ಕೂಸಮೊದ ತೌನೊ ಕಾರ್ವಿನೆನ್ ಎಂಬ ನಿವೃತ್ತ ಮರಗೆಲಸಗಾರ ಕೆಲವು ವರ್ಷಗಳ ಹಿಂದೆ ಈ ಕಂಪನಿಗೆ ಒಂದು ಹಿಡಿ ಬೆಳ್ಳುಳ್ಳಿ ಕಳಿಸಿದ್ದ. ತೊಗಟೆ ನೇರಳೆ, ಎಸಳು ಕಡಿಮೆ, ಚಳಿಗೆ ಜಗ್ಗದು. ಅವನ ತಾಯಿಯ ಕಾಲದಿಂದ ಅವರ ಹಿತ್ತಲಿನಲ್ಲಿತ್ತು. ಕಂಪನಿ ಅದನ್ನು ರಸ್ತೆಯಂಚಿನ ಹೊಲದಲ್ಲಿ ಹೆಚ್ಚಿಸಿ, ಈ ವರ್ಷ ಮೊದಲ ಬಾರಿ ಮಾರಾಟಕ್ಕಿಟ್ಟಿತು. ಕಳೆದ ಚಳಿಗಾಲ ಕೂಸಮೊದಲ್ಲಿ ಹಿಮದ ಮೇಲೆ ಮಳೆ ಬಿದ್ದು, ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ, ತೌನೊನ ಸಾಲುಗಳೆಲ್ಲ ಉಸಿರುಗಟ್ಟಿ ಕೊಳೆತವು. ತಾನು ಕೊಟ್ಟ ಬೀಜವನ್ನೇ ವಾಪಸು ಕೊಳ್ಳಲು ಮೇ ತಿಂಗಳಲ್ಲಿ ಅವನು ಆರ್ಡರ್ ಕೊಟ್ಟ.

ಆಗಸ್ಟ್‌ನಲ್ಲಿ ಒಣಗಲು ಹಾಕಿದ್ದ ಆ ನೇರಳೆ ಗಡ್ಡೆಗಳಲ್ಲಿ ಒಂದರ ಬುಡ ಗುನ್ನೆವಿಯ ಹೆಬ್ಬೆರಳಿಗೆ ಮೆತ್ತಗೆ ಸಿಕ್ಕಿತು. ಸಿಪ್ಪೆ ಸುಲಿದರು. ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಗಸಗಸೆಯಂಥ ಕಪ್ಪು ಕಾಳು. ಬಿಳಿಕೊಳೆ. ಆ ಕಪ್ಪು ಕಾಳುಗಳು ಮಣ್ಣಿನಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಮಲಗಬಲ್ಲವು. ಬೆಳ್ಳುಳ್ಳಿಯ ಬೇರಿನ ವಾಸನೆ ಬಂದಾಗ ಮಾತ್ರ ಏಳುತ್ತವೆ. ಒಮ್ಮೆ ಹೊಕ್ಕ ಹಿತ್ತಲಿನಲ್ಲಿ ಒಂದು ತಲೆಮಾರು ಬೆಳ್ಳುಳ್ಳಿಯೂ ಇಲ್ಲ, ಈರುಳ್ಳಿಯೂ ಇಲ್ಲ. ಹಿಂದಿನ ವರ್ಷ ಬೇರೊಂದು ತೋಟದಿಂದ ಕಡ ತಂದ ಮಣ್ಣು ಮೆತ್ತಿದ ತಟ್ಟೆಗಳ ಜೊತೆ ಅದು ಬಂದಿರಬೇಕು ಎಂದು ಮಾಲೀಕ ಹೋಕನ್ ಒಪ್ಪಿಕೊಳ್ಳುತ್ತಾನೆ. ತಟ್ಟೆ ತಂದವನು ಅವನೇ.

ತಗುಲಿದ್ದು ಮೂರು ತಟ್ಟೆಗಳಿಗೆ. ಉಳಿದವು ನೋಡಲು ಚೆನ್ನಾಗಿಯೇ ಇದ್ದವು. ಅವನ್ನಾದರೂ ಆರಿಸಿ ಕಳಿಸೋಣವೇ ಎಂದು ಹೋಕನ್ ಕೇಳಿದ. ಗುನ್ನೆವಿ ಬೇಡ ಎಂದರು. ವಾದ ಎರಡು ದಿನ ನಡೆಯಿತು, ಬಹುಪಾಲು ಕಾಫಿಯ ಹೊತ್ತಿನಲ್ಲಿ, ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತ.

"ಅವಳು ನನ್ನ ಹೊಲದ ಮಾತಾಡ್ತಿರಲಿಲ್ಲ, ಬೀಜ ಕೊಳ್ಳೋರ ಹಿತ್ತಲಿನ ಮಾತಾಡ್ತಿದ್ದಳು," ಎನ್ನುತ್ತಾನೆ ಹೋಕನ್. "ನಿಂದು ಹಾಳಾಗಿದ್ದಾಯ್ತು, ಇನ್ನೊಬ್ಬರದನ್ನ ಅಂಚೆ ಖರ್ಚು ಹಾಕಿ ಹಾಳು ಮಾಡ್ತೀಯಾ ಅಂದ್ಳು."

ಆ ತಳಿಯ ಗಡ್ಡೆಗಳನ್ನೆಲ್ಲ ಸುಟ್ಟರು. ಆರ್ಡರ್ ಕೊಟ್ಟವರಿಗೆ ಹಣ ಹಿಂತಿರುಗಿಸಿದರು. ಆ ಹೊಲಕ್ಕೆ ಈಗ ರೈ ಧಾನ್ಯ ಬಿತ್ತಿದ್ದಾರೆ. ಉಳಿದ ತಳಿಗಳು ಬೆಳೆಯುವುದು ದೂರದ ಬೇರೆ ಹೊಲಗಳಲ್ಲಿ.

ಉಳಿದದ್ದು ಒಂದೇ ಕಡೆ. ಹೊಸ ತಳಿ ಬಂದಾಗಲೆಲ್ಲ ಒಂದೆರಡು ಗಡ್ಡೆ ಕೆಲಸಗಾರರ ಮನೆಗೆ ಹೋಗುವುದು ಇಲ್ಲಿಯ ರೂಢಿ. ಬೇರೆಯವರು ಅದನ್ನು ತಿಂದು ಮುಗಿಸಿದ್ದರು. ಗುನ್ನೆವಿಯ ಮನೆಯ ಜಗುಲಿಯಲ್ಲಿ ಆಕೆ ಹಿತ್ತಲಿನಲ್ಲಿ ಬೆಳೆದು, ದಂಟು ಹೆಣೆದು ಕಟ್ಟಿದ ತೌನೊನ ನೇರಳೆ ಬೆಳ್ಳುಳ್ಳಿಯ ಒಂದು ಜಡೆ ನೇತಾಡುತ್ತಿತ್ತು. ಅದರ ಬುಡಗಳನ್ನು ತೊಳೆದು, ಭೂತಗನ್ನಡಿ ಹಿಡಿದು ನೋಡಿದರು. ಕೊಳೆ ಇಲ್ಲ, ಕಪ್ಪು ಕಾಳಿಲ್ಲ. ಆದರೂ ಸಂಶಯ ಬಿಡಲಿಲ್ಲ. ಹೊಲದ ಮಣ್ಣು ಹಿತ್ತಲಿಗೆ ತಾಗದಿರಲೆಂದು ಮನೆಗೆ ಬರುವಾಗ ಗೇಟಿನ ಬಳಿಯೇ ಬೂಟು ಬದಲಿಸುವುದು ಆಕೆಯ ಅಭ್ಯಾಸ. "ಒಂದು ದಿನವೂ ಮರೆತಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ," ಎನ್ನುತ್ತಾರೆ. "ಮಳೆ ಬರೋವಾಗ ಓಡಿ ಬಂದಿರ್ತೀನಿ. ಬಟ್ಟೆ ಒಣಗೋಕೆ ಹಾಕಿರ್ತೀನಲ್ಲ."

ತೌನೊಗೆ ಫೋನ್ ಮಾಡಿದರು. ಅವನಿಗೆ ಸ್ವೀಡಿಷ್ ಬಾರದು, ಈಕೆಯ ಫಿನ್ನಿಷ್ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಹೊಲದ್ದು ಹೋಯಿತು, ನನ್ನ ಮನೆಯದು ಇದೆ, ಶುದ್ಧ ಅನ್ನಿಸುತ್ತದೆ, ಖಾತ್ರಿ ಇಲ್ಲ. ಕಳಿಸುತ್ತೇನೆ, ಆದರೆ ನೆಲಕ್ಕೆ ಹಾಕಕೂಡದು. ಮೊದಲ ವರ್ಷ ತೊಟ್ಟಿಯಲ್ಲಿ ಬೆಳೆ. ಕಿತ್ತ ಮೇಲೆ ಬುಡ ನೋಡಿ, ಚೊಕ್ಕಟವಿದ್ದರೆ ಆಮೇಲೆ ಹಿತ್ತಲಿಗೆ.

ತೌನೊ ಸಿಟ್ಟಾದ. "ತೊಟ್ಟೀಲಾ? ಕೂಸಮೊದ ಚಳೀಲಿ ತೊಟ್ಟಿ ಕಲ್ಲಾಗಿಬಿಡುತ್ತೆ ತಾಯಿ. ದ್ವೀಪದೋರಿಗೆ ಚಳಿ ಅಂದ್ರೆ ಏನು ಗೊತ್ತು?"

"ಚಳಿ ಗೊತ್ತಿಲ್ಲ. ಕೊಳೆ ಗೊತ್ತು," ಎಂದರಂತೆ ಗುನ್ನೆವಿ. "ನೆಲಕ್ಕೆ ಹಾಕಲ್ಲ ಅಂತ ಮಾತು ಕೊಟ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಹುರಿದು ತಿಂತೀನಿ."

ತೌನೊ ಗೊಣಗುತ್ತಲೇ, ಹೆಂಡತಿ ಬಟ್ಟೆ ಒಗೆಯುತ್ತಿದ್ದ ಹಳೇ ತೊಟ್ಟಿ ಇದೆ, ನೋಡುತ್ತೇನೆ ಎಂದ.

ಹಾಗಾಗಿ ಈ ಬೆಳಗ್ಗೆ ಮೊದಲು ಕಟ್ಟಿದ ಪೆಟ್ಟಿಗೆ ಅದೇ. ಜಡೆಯನ್ನು ಇಡಿಯಾಗಿ ಇಳಿಸಿ, ಎಸಳು ಬಿಡಿಸದೆ, ಒಣ ಮರದ ಹೊಟ್ಟು ತುಂಬಿ ಕಟ್ಟಿದ್ದಾರೆ. ಮೇಲೆ ಸುಂಕದ ಚೀಟಿ. ದೇಶ ಒಂದೇ ಆದರೂ ತೆರಿಗೆ ಬೇರೆ, ದ್ವೀಪದಿಂದ ಮುಖ್ಯನಾಡಿಗೆ ಹೋಗುವ ಪ್ರತಿ ಪೆಟ್ಟಿಗೆಗೂ ಅದು ಬೇಕು. ತಮಗೆಂದು ಒಂದೂ ಉಳಿಸಿಕೊಂಡಿಲ್ಲ. ಹಿತ್ತಲಿನ ಮಣ್ಣಿನ ಮೇಲೆ ಸಂಶಯವಿರುವಾಗ ಮತ್ತೆ ಅಲ್ಲೇ ನೆಡುವುದರಲ್ಲಿ ಅರ್ಥವಿಲ್ಲವೆಂಬುದು ಆಕೆಯ ವಾದ. ಹೊರಗೆ ಅಂಚೆ ವ್ಯಾನ್ ಬಂದು ನಿಲ್ಲುತ್ತದೆ. ಚಾಲಕ ಪೆಟ್ಟಿಗೆಯನ್ನು ಕೈಯಲ್ಲಿ ತೂಗಿ, ಇಷ್ಟು ಹಗುರವಾದದ್ದಕ್ಕೆ ಇಷ್ಟೊಂದು ಹಗ್ಗವೇ ಎಂದು ಗೇಲಿ ಮಾಡುತ್ತಾನೆ. ಗುನ್ನೆವಿ ವ್ಯಾನ್ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿರುತ್ತಾರೆ.

ಮುಂದಿನ ವಾರ ನಾನು ಮತ್ತೆ ಹೋದಾಗ ತೌನೊನ ಫೋನ್ ಬಂದು ಹೋಗಿತ್ತು. ಹಬೆಸ್ನಾನದ ಕೋಣೆಯಾದ ಸೌನಾದ ಪಕ್ಕದ ಬಂಡೆಯ ಮೇಲೆ ತೊಟ್ಟಿ ಇಟ್ಟಿದ್ದಾನೆ. ಕೆಳಗೆ ಹಲಗೆ, ಸುತ್ತ ಒಣಹುಲ್ಲು. ಹಿಮ ಬಿದ್ದ ಮೇಲೆ ಅದನ್ನೂ ಒಟ್ಟಿ ಹೊದಿಸುತ್ತಾನಂತೆ. ತನಗೆ ಇಷ್ಟು ಕಂಬಳಿ ಯಾವತ್ತೂ ಹೊದಿಸಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಾಳಂತೆ. ನಮಗೆ ಗೊತ್ತಿರುವ ಮಟ್ಟಿಗೆ ಆ ತಳಿ ಈಗ ಇರುವುದು ಆ ತೊಟ್ಟಿಯಲ್ಲಿ ಮಾತ್ರ. ಅದು ಬದುಕುತ್ತದೋ ಇಲ್ಲವೋ, ಬುಡ ಚೊಕ್ಕಟವೋ ಅಲ್ಲವೋ, ಬರುವ ಆಗಸ್ಟ್‌ವರೆಗೆ ಹೇಳಲು ಬರುವುದಿಲ್ಲ.

ಮೇಜಿನ ಮೇಲೆ ಈಗ ಓಲು ನಗರದ ಪೆಟ್ಟಿಗೆಗಳು. ತುರ್ಕುವಿನ ಸರದಿಗೆ ಇನ್ನೂ ಹೊತ್ತಿದೆ. ಉತ್ತರದ ಯಾವ ಊರಿನ ನೆಲ ಯಾವಾಗ ಗಟ್ಟಿಯಾಗುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಗುನ್ನೆವಿ ದಕ್ಷಿಣ ಫಿನ್ಲೆಂಡಿನ ತಾಂಪೆರೆ ದಾಟಿ ಉತ್ತರಕ್ಕೆ ಎಂದೂ ಹೋದವರಲ್ಲ. ಪೆಟ್ಟಿಗೆ ಕಟ್ಟುವ ಕಾಲದಲ್ಲಿ ಬಿಡುವಿರುವುದಿಲ್ಲ, ಬಿಡುವಿರುವಾಗ ಅಲ್ಲಿ ನೋಡಲು ಹಿಮ ಮಾತ್ರ. ಮುಂದಿನ ಬೇಸಿಗೆಯಲ್ಲಿ, ಗಡ್ಡೆ ಕೀಳುವ ದಿನ, ಕೂಸಮೊಗೆ ಹೋಗಬೇಕೆಂದಿದೆ. ತೌನೊ ಕರೆದಿದ್ದಾನೆ. ಬುಡವನ್ನು ಇಬ್ಬರೂ ಕೂಡಿ ನೋಡೋಣ ಎಂದಿದ್ದಾನೆ.

"ಹೋಗೋಕೆ ಮುಂಚೆ ಹೊಸ ಬೂಟು ಕೊಳ್ಳಬೇಕು," ಎನ್ನುತ್ತಾರೆ ಗುನ್ನೆವಿ, ಒಂದು ಗಡ್ಡೆಯ ಬುಡಕ್ಕೆ ಹೆಬ್ಬೆರಳು ಒತ್ತುತ್ತ. "ಇದನ್ನ ಹಾಕ್ಕೊಂಡು ಅವನ ಹಿತ್ತಲಿಗೆ ಕಾಲಿಡೋಕಾಗಲ್ಲ."